ಸೇನಾ ನೆಲೆಯ ಹೊಗೆಗೆ ಲೆಕ್ಕ ಬರೆಯುವವರು

ಅಮೆರಿಕದ ವಾಯುಪಡೆಯ ನೆಲೆಯಿಂದ ಯುದ್ಧವಿಮಾನ ಮೇಲೇರುವಾಗ ಉಗುಳುವ ಹೊಗೆ ಆ ನೆಲೆಯ ವಾಯು ಪರ್ಮಿಟ್ಟಿನಲ್ಲಿ ದಾಖಲಾಗುವುದಿಲ್ಲ. ಆದರೆ ಅಲ್ಲಿನ ಆಸ್ಪತ್ರೆಯ ಹಿಂದೆ ನಿಂತ ಡೀಸೆಲ್ ಜನರೇಟರು, ಬ್ಯಾರಕ್ಕುಗಳಿಗೆ ನೀರು ಕಾಯಿಸುವ ಬಾಯ್ಲರು, ರೆಕ್ಕೆಗಳಿಗೆ ಬಣ್ಣ ಹೊಡೆಯುವ ಶೆಡ್ಡು, ಇಂಧನದ ಟ್ಯಾಂಕು ಇವೆಲ್ಲ ದಾಖಲಾಗುತ್ತವೆ. ಕಾನೂನಿನ ಕಣ್ಣಿಗೆ ವಿಮಾನ ಚಲಿಸುವ ಮೂಲ, ಬಾಯ್ಲರು ನಿಂತ ಮೂಲ. ಪರ್ಮಿಟ್ಟು ಬೇಕಿರುವುದು ನಿಂತದ್ದಕ್ಕೆ. ಅದೇ ವಿಮಾನದ ಎಂಜಿನ್ನನ್ನು ಬಿಚ್ಚಿ ತಂದು, ಪರೀಕ್ಷಾ ಕೊಠಡಿಯ ಕಟ್ಟೆಗೆ ಬಿಗಿದು ಓಡಿಸಿದರೆ ಅದರ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಇಂಥ ಗೆರೆಗಳನ್ನು ಎಲ್ಲಿ ಎಳೆಯಬೇಕು, ಎಳೆದ ಮೇಲೆ ಇಷ್ಟು ಟನ್ ಎಂದು ಹೇಗೆ ತೋರಿಸಬೇಕು ಎಂಬುದನ್ನು ಬಲ್ಲವರ ಒಂದು ಕಸುಬೇ ಅಲ್ಲಿ ಐವತ್ತು ವರ್ಷಗಳಲ್ಲಿ ಬೆಳೆದಿದೆ. ಎಂಜಿನಿಯರಿಂಗ್ ಸಲಹಾ ಕಂಪನಿಗಳು ಆ ಕಸುಬು ಮಾಡುತ್ತವೆ, ಸೇನೆ ಅವರನ್ನು ಗುತ್ತಿಗೆಗೆ ಹಿಡಿಯುತ್ತದೆ.

ಈ ಬೆಳವಣಿಗೆಯನ್ನು ಕಾನೂನುಗಳ ಪಟ್ಟಿಯಾಗಿ ಓದಬಹುದು. ಹೆಚ್ಚಿನವರು ಓದುವುದು ಹಾಗೆಯೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ನೆಲೆಯ ಕಮಾಂಡರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಪರಿಸರ ವಿಭಾಗದಲ್ಲಿ ವಾಯು ವಿಷಯ ನೋಡಿಕೊಳ್ಳುವ ನಾಗರಿಕ ಸಿಬ್ಬಂದಿ ಬೆರಳೆಣಿಕೆಯಷ್ಟು. ಹಾಗಿರುವಾಗ ಆ ನೆಲೆಯ ಗಾಳಿಯ ಬಗ್ಗೆ ನಿಜವಾಗಿ ತಿಳಿದಿರುವುದು ಯಾರಿಗೆ? ನೆಲೆಗೋ, ಗುತ್ತಿಗೆಗೆ ಬಂದವರಿಗೋ?

ಮೊದಮೊದಲು ಲೆಕ್ಕ ಕೇಳುವವರೇ ಇರಲಿಲ್ಲ. 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕ್ಲೀನ್ ಏರ್ ಆಕ್ಟ್ ತಿದ್ದುಪಡಿಯ 118ನೇ ಸೆಕ್ಷನ್, ಫೆಡರಲ್ ಸರ್ಕಾರದ ಕಟ್ಟಡ, ಕಾರ್ಖಾನೆ, ನೆಲೆಗಳೆಲ್ಲ ಉಳಿದವರಂತೆಯೇ ವಾಯುಮಾಲಿನ್ಯದ ನಿಯಮ ಪಾಲಿಸಬೇಕು ಎಂದಿತು. ಕೆಂಟಕಿ ರಾಜ್ಯ ಇದನ್ನು ಅಕ್ಷರಶಃ ತೆಗೆದುಕೊಂಡು ಫೋರ್ಟ್ ನಾಕ್ಸ್, ಫೋರ್ಟ್ ಕ್ಯಾಂಪ್‌ಬೆಲ್ ನೆಲೆಗಳಿಗೆ ರಾಜ್ಯದ ಪರ್ಮಿಟ್ಟು ಪಡೆಯಿರಿ ಎಂದು ಹೇಳಿತು. ಹೊಗೆಯ ಮಿತಿಯನ್ನು ಪಾಲಿಸುತ್ತೇವೆ, ಆದರೆ ರಾಜ್ಯದ ಮುಂದೆ ಅರ್ಜಿ ಹಿಡಿದು ನಿಲ್ಲುವುದಿಲ್ಲ ಎಂಬುದು ಫೆಡರಲ್ ಸರ್ಕಾರದ ವಾದ. 1976ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ‘ಹ್ಯಾನ್‌ಕಾಕ್ ವಿರುದ್ಧ ಟ್ರೇನ್’ ಪ್ರಕರಣದಲ್ಲಿ ಈ ವಾದವನ್ನೇ ಎತ್ತಿಹಿಡಿಯಿತು. ಮರುವರ್ಷವೇ ಕಾಂಗ್ರೆಸ್ ಕಾನೂನನ್ನು ತಿದ್ದಿ ಮಿತಿಯೂ ಬೇಕು, ಪರ್ಮಿಟ್ಟೂ ಬೇಕು, ವರದಿಯೂ ಬೇಕು ಎಂದು ಸ್ಪಷ್ಟಪಡಿಸಿತು. ದೇಶದ ಪರಮ ಹಿತಕ್ಕೆ ಅನಿವಾರ್ಯವಾದರೆ ಅಧ್ಯಕ್ಷರು ಒಂದೊಂದು ವರ್ಷದ ಮಟ್ಟಿಗೆ ವಿನಾಯಿತಿ ಕೊಡಬಹುದು ಎಂಬ ಕಿಂಡಿಯೊಂದನ್ನು ಮಾತ್ರ ಉಳಿಸಿತು. ಗುತ್ತಿಗೆಯ ಕಸುಬಿಗೆ ಬೀಜ ಬಿದ್ದದ್ದು 1977ರ ಈ ತಿದ್ದುಪಡಿಯಿಂದ. ಮಿತಿ ಪಾಲಿಸಲು ಫಿಲ್ಟರು ಇದ್ದರೆ ನಡೆಯುತ್ತದೆ. ಪರ್ಮಿಟ್ಟಿಗೆ ಅರ್ಜಿ ಬರೆಯುವವರು ಬೇಕು.

ಬರೆಯುವವರನ್ನು ಆರಿಸುವ ಕಾನೂನು ಅಷ್ಟು ಹೊತ್ತಿಗೆ ಸಿದ್ಧವಾಗಿತ್ತು. ಟೆಕ್ಸಾಸ್‌ನ ಸಂಸದ ಜ್ಯಾಕ್ ಬ್ರೂಕ್ಸ್ ಮುಂದೆ ನಿಂತು ತಂದ 1972ರ ಬ್ರೂಕ್ಸ್ ಆಕ್ಟ್ ನಮ್ಮ ಟೆಂಡರ್ ಲೋಕದವರಿಗೆ ತಲೆಕೆಳಗಾಗಿ ಕಾಣುತ್ತದೆ. ಕರ್ನಾಟಕದಲ್ಲಿ 1999ರ ಪಾರದರ್ಶಕತಾ ಕಾಯ್ದೆಯಡಿ ಕೆಲಸ ಮಾಡಿದ ಯಾವ ಎಂಜಿನಿಯರಿಗೂ ‘ಎಲ್-1’ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಅರ್ಹತೆಯ ಹೊಸಿಲು ದಾಟಿದವರಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ. ಬ್ರೂಕ್ಸ್ ಆಕ್ಟಿನಲ್ಲಿ ಆಯ್ಕೆಯ ಹೊತ್ತಿಗೆ ದರದ ಮಾತೇ ಇಲ್ಲ. ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಸೇವೆ ಬೇಕಾದ ಇಲಾಖೆ ಬಹಿರಂಗ ಪ್ರಕಟಣೆ ಕೊಡಬೇಕು, ಬಂದ ಕಂಪನಿಗಳ ಯೋಗ್ಯತೆಯನ್ನಷ್ಟೇ ತೂಗಿ ಕನಿಷ್ಠ ಮೂರನ್ನು ಅನುಕ್ರಮದಲ್ಲಿ ನಿಲ್ಲಿಸಬೇಕು, ಮೊದಲನೆಯವರ ಜೊತೆ ಕುಳಿತು ದರ ಮಾತಾಡಬೇಕು. ನ್ಯಾಯವಾದ ದರಕ್ಕೆ ಒಪ್ಪದಿದ್ದರೆ ಅವರನ್ನು ಬಿಟ್ಟು ಎರಡನೆಯವರ ಬಳಿ ಹೋಗಬೇಕು.

ಈ ತೂಗುವ ಕೆಲಸ ನಡೆಯುವುದು ಒಂದು ಫಾರಂ ಮೇಲೆ. ಮೊದಲು 254 ಮತ್ತು 255 ಎಂಬ ಎರಡು ಫಾರಂಗಳಿದ್ದವು. 2004ರಲ್ಲಿ ಅವೆರಡನ್ನೂ ಸೇರಿಸಿ ಎಸ್‌ಎಫ್ 330 ಮಾಡಿದರು. ಅದರ ‘ಇ’ ಭಾಗದಲ್ಲಿ ಕೆಲಸ ಮಾಡಲಿರುವ ಮುಖ್ಯ ವ್ಯಕ್ತಿಗಳ ಪರಿಚಯ, ‘ಎಫ್’ ಭಾಗದಲ್ಲಿ ಕಂಪನಿ ಹಿಂದೆ ಮಾಡಿದ ಕೆಲಸಗಳ ಉದಾಹರಣೆ. ನಿಜವಾದ ಗುಟ್ಟಿರುವುದು ‘ಜಿ’ ಭಾಗದಲ್ಲಿ. ಅದೊಂದು ಚೌಕುಳಿ ಕೋಷ್ಟಕ: ಎಡಗಡೆ ಜನರ ಹೆಸರು, ಮೇಲ್ಗಡೆ ಆ ಹಳೆಯ ಕೆಲಸಗಳು, ಯಾರು ಯಾವ ಕೆಲಸದಲ್ಲಿದ್ದರೋ ಆ ಮನೆಯಲ್ಲಿ ಒಂದು ಗುರುತು. ಕಂಪನಿ ದೊಡ್ಡ ದೊಡ್ಡ ನೆಲೆಗಳ ಕೆಲಸ ತೋರಿಸಿ, ಈಗ ಕಳಿಸಲಿರುವ ಎಂಜಿನಿಯರುಗಳು ಅವುಗಳಲ್ಲಿ ಯಾವುದರಲ್ಲೂ ಇರಲಿಲ್ಲವೆಂದರೆ ಆ ಕೋಷ್ಟಕ ಖಾಲಿ ಹೊಡೆಯುತ್ತದೆ. ಸರ್ಕಾರಿ ಫಾರಂಗಳಲ್ಲಿ ಇಷ್ಟು ಚುರುಕಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ವಾಯು ಕೆಲಸ ಈ ಕಾನೂನಿನ ಒಳಗೂ ಇಲ್ಲ, ಹೊರಗೂ ಇಲ್ಲ ಎಂಬಂತಿದೆ. ಕಲ್ಲಿದ್ದಲ ಸ್ಥಾವರಕ್ಕೆ ಧೂಳು ಹಿಡಿಯುವ ಚೀಲದ ಫಿಲ್ಟರು ವಿನ್ಯಾಸ ಮಾಡುವುದು ಸಂಶಯವಿಲ್ಲದೆ ಎಂಜಿನಿಯರಿಂಗು. ವರ್ಷಕ್ಕೊಮ್ಮೆ ಜನರೇಟರುಗಳ ಗಂಟೆ ಕೂಡಿಸಿ ಹೊಗೆಪಟ್ಟಿ ಸಲ್ಲಿಸುವುದು? ಅದನ್ನು ಸಾಮಾನ್ಯ ಸಲಹಾ ಸೇವೆ ಎಂದು ಕರೆದು ದರದ ಪೈಪೋಟಿಯಲ್ಲೂ ಕೊಳ್ಳಬಹುದು, ಕೊಂಡಿದ್ದಾರೆ ಕೂಡ. ಹೀಗಾಗಿ ಒಂದೇ ಕಂಪನಿ ಒಂದೇ ನೆಲೆಗೆ ಒಮ್ಮೆ ಯೋಗ್ಯತೆಯ ಬಾಗಿಲಿಂದಲೂ ಇನ್ನೊಮ್ಮೆ ಅಗ್ಗದ ಬಾಗಿಲಿಂದಲೂ ಬರುವುದು ಸಾಧ್ಯವಾಯಿತು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸೇನೆಯ ಸ್ವಂತ ಜ್ಞಾನ ಇನ್ನೂ ಗಟ್ಟಿಯಾಗಿತ್ತು. ಮೇರಿಲ್ಯಾಂಡಿನ ಅಬರ್ಡೀನ್ ಪ್ರೂವಿಂಗ್ ಗ್ರೌಂಡ್‌ನಲ್ಲಿದ್ದ ಭೂಸೇನೆಯ ಪರಿಸರ ನೈರ್ಮಲ್ಯ ಸಂಸ್ಥೆಯ ತಂಡಗಳು ನೆಲೆಯಿಂದ ನೆಲೆಗೆ ಹೋಗಿ ಚಿಮಣಿಗಳಿಗೆ ನಳಿಕೆ ತೂರಿಸಿ ಮಾದರಿ ತೆಗೆಯುತ್ತಿದ್ದವು. ಯೂಟಾದ ಹಿಲ್ ವಾಯುನೆಲೆಯ ರಿಪೇರಿ ಕಾರ್ಖಾನೆಯಲ್ಲಿ ವಿಮಾನಗಳ ಹಳೆಯ ಬಣ್ಣ ಕೀಳಲು ಮೆಥಿಲೀನ್ ಕ್ಲೋರೈಡ್ ಸುರಿಯುವ ಬದಲು ಸಣ್ಣ ಪ್ಲಾಸ್ಟಿಕ್ ಹರಳುಗಳನ್ನು ಗಾಳಿಯ ಒತ್ತಡದಲ್ಲಿ ಬಡಿಸುವ ವಿಧಾನ ಎಂಬತ್ತರ ದಶಕದಲ್ಲಿ ರೂಪುಗೊಂಡಿತು. ದ್ರಾವಕ ಆವಿಯಾಗಿ ಗಾಳಿ ಸೇರುವುದು ತಪ್ಪಿತು, ಜಿಡ್ಡು ತ್ಯಾಜ್ಯವೂ ಕಡಿಮೆಯಾಯಿತು. ಇದನ್ನು ಕಂಡುಕೊಂಡವರು ಕೆಲಸದ ನೆಲದ ಮೇಲೆಯೇ ಇದ್ದವರು. ಹೊರಗಿನ ವರದಿಯೊಂದರ ಶಿಫಾರಸಲ್ಲ ಅದು.

ಲೆಕ್ಕ ಸ್ಫೋಟಗೊಂಡದ್ದು 1990ರಲ್ಲಿ. ಆ ವರ್ಷದ ತಿದ್ದುಪಡಿಯ ಐದನೆಯ ಅಧ್ಯಾಯ, ಅಂದರೆ ‘ಟೈಟಲ್ ಫೈವ್’, ದೊಡ್ಡ ಮೂಲಗಳೆಲ್ಲ ಒಂದೇ ಸಮಗ್ರ ಪರ್ಮಿಟ್ಟು ಪಡೆಯಬೇಕು ಎಂದಿತು. ವರ್ಷಕ್ಕೆ 100 ಟನ್ ಸಾಮಾನ್ಯ ಮಾಲಿನ್ಯಕಾರಕ, ಇಲ್ಲವೇ ಯಾವುದಾದರೂ ಒಂದು ವಿಷಕಾರಕ 10 ಟನ್, ಎಲ್ಲ ವಿಷಕಾರಕಗಳೂ ಸೇರಿ 25 ಟನ್ ದಾಟಿದರೆ ಅದು ದೊಡ್ಡ ಮೂಲ. ಗಾಳಿ ಈಗಾಗಲೇ ಕೆಟ್ಟಿರುವ ಊರುಗಳಲ್ಲಿ 100ರ ಮಿತಿ 50, 25, ಕೊನೆಗೆ 10ಕ್ಕೂ ಇಳಿಯುತ್ತದೆ. ಅದೂ ನಿಜವಾಗಿ ಬಿಟ್ಟ ಹೊಗೆಯಲ್ಲ, ಬಿಡಬಹುದಾದ ಹೊಗೆ: ಯಂತ್ರ ವರ್ಷದ 8,760 ಗಂಟೆಯೂ ಓಡಿದರೆ ಎಷ್ಟಾಗುತ್ತದೆ ಎಂಬ ಲೆಕ್ಕ. ಕರೆಂಟು ಹೋದಾಗಷ್ಟೇ ಓಡುವ ಜನರೇಟರನ್ನು ವರ್ಷವಿಡೀ ಓಡಿಸಿದಂತೆ ಬರೆದರೆ ಪ್ರತಿ ನೆಲೆಯೂ ದೈತ್ಯ ಕಾರ್ಖಾನೆಯೇ. 1995ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ತುರ್ತು ಜನರೇಟರಿಗೆ 500 ಗಂಟೆ ಹಿಡಿದರೆ ಸಾಕು ಎಂಬ ಸೂಚನೆ ಕೊಟ್ಟ ಮೇಲೆ ಎಷ್ಟೋ ನೆಲೆಗಳು ಉಸಿರು ಬಿಟ್ಟವು.

ಹೊಗೆಪಟ್ಟಿ ಹೇಗೆ ತಯಾರಾಗುತ್ತದೆ ಎಂದು ನೋಡಿದರೆ ಕಂಪನಿಗಳಿಗೆ ಯಾಕೆ ಕೆಲಸ ಸಿಕ್ಕಿತು ಎಂಬುದು ಅರ್ಥವಾಗುತ್ತದೆ. ಸಲಹಾ ಕಂಪನಿಯ ಹುಡುಗ ಹುಡುಗಿಯರು ಹಲಗೆ, ಪೆನ್ನು, ಕ್ಯಾಮೆರಾ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಾರೆ. ಬಾಯ್ಲರಿನ ಲೋಹದ ಪಟ್ಟಿಯ ಮೇಲಿನ ಸಾಮರ್ಥ್ಯ ಬರೆದುಕೊಳ್ಳುತ್ತಾರೆ. ಪಟ್ಟಿಯ ಮೇಲೆ ಬಣ್ಣ ಬಳಿದು ಮುಚ್ಚಿದ್ದರೆ ಕೆರೆಯುತ್ತಾರೆ. ಬಣ್ಣದ ಶೆಡ್ಡಿನಲ್ಲಿ ಎಷ್ಟು ಗ್ಯಾಲನ್ ಪ್ರೈಮರ್ ಖರ್ಚಾಯಿತು ಎಂದು ಉಗ್ರಾಣದ ಚೀಟಿಗಳಿಂದ ಹೆಕ್ಕುತ್ತಾರೆ. ಕಚೇರಿಗೆ ಮರಳಿ, ಇಪಿಎ ಪ್ರಕಟಿಸುವ ಎಪಿ-42 ಎಂಬ ಗ್ರಂಥದಿಂದ ಗುಣಾಂಕ ಹುಡುಕುತ್ತಾರೆ: ಇಷ್ಟು ಗ್ಯಾಲನ್ ಎಣ್ಣೆ ಸುಟ್ಟರೆ ಇಷ್ಟು ಪೌಂಡ್ ಗಂಧಕದ ಆಕ್ಸೈಡ್. 1968ರಲ್ಲಿ ಮೊದಲು ಹೊರಬಂದ ಈ ಗ್ರಂಥದಲ್ಲಿ ಗುಂಡು, ಗ್ರೆನೇಡು ಸಿಡಿದಾಗ ಏನು ಹೊರಬರುತ್ತದೆ ಎಂಬುದಕ್ಕೂ ಈಗ ಒಂದು ಅಧ್ಯಾಯವಿದೆ. ಪ್ರತಿ ಗುಣಾಂಕಕ್ಕೂ ‘ಎ’ಯಿಂದ ‘ಇ’ವರೆಗೆ ದರ್ಜೆ ಇದೆ, ‘ಡಿ’, ‘ಇ’ ದರ್ಜೆಯವು ಹೆಚ್ಚುಕಡಿಮೆ ಅಂದಾಜು. ಬೇರೆ ಗತಿಯಿಲ್ಲದೆ ಅವನ್ನೂ ಬಳಸುತ್ತಾರೆ. ಆ ಅಂದಾಜಿನ ಮೇಲೆ ದಶಮಾಂಶ ಎರಡು ಸ್ಥಾನದವರೆಗೆ ಬರೆದ ಟನ್ನುಗಳಿಗೆ ಅಧಿಕಾರಿಯೊಬ್ಬರು ಇದು ಸತ್ಯ, ನಿಖರ, ಪೂರ್ಣ ಎಂದು ಸಹಿ ಹಾಕಬೇಕು. ಸಹಿ ನೆಲೆಯದು, ಲೆಕ್ಕ ಕಂಪನಿಯದು.

ಇಂಥ ಕೆಲಸ ನೂರಾರು ನೆಲೆಗಳಲ್ಲಿ ಒಟ್ಟಿಗೆ ಬಂದಾಗ ಒಂದೊಂದಕ್ಕೂ ಹೊಸ ಆಯ್ಕೆ ನಡೆಸುವುದು ಅಸಾಧ್ಯ. ವಾಯುಪಡೆ 1991ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಪರಿಸರ ಕೆಲಸಗಳಿಗೆಂದೇ ಒಂದು ಕೇಂದ್ರ ತೆರೆಯಿತು. ಭೂಸೇನೆಗೆ ಕೋರ್ ಆಫ್ ಎಂಜಿನಿಯರ್ಸ್, ನೌಕಾಪಡೆಗೆ ಅದರ ನಿರ್ಮಾಣ ವಿಭಾಗ ಇದ್ದವು. ಪ್ರಮಾಣ ಗೊತ್ತುಮಾಡದ ಗುತ್ತಿಗೆಯೇ ಎಲ್ಲರ ಅಸ್ತ್ರವಾಯಿತು: ಐದು ವರ್ಷಕ್ಕೆ ಇಷ್ಟು ಕೋಟಿ ಡಾಲರ್ ಮೀರದಂತೆ ಎಂದು ಕೆಲವು ಕಂಪನಿಗಳನ್ನು ಆರಿಸಿಟ್ಟುಕೊಂಡು, ಬೇಕಾದಾಗ ಬೇಕಾದ ನೆಲೆಗೆ ಕೆಲಸದ ಆದೇಶ ಹೊರಡಿಸುವುದು. ಅನುಕೂಲಕ್ಕೇನೂ ಕಡಿಮೆಯಿಲ್ಲ. ಆದರೆ ಬ್ರೂಕ್ಸ್ ಆಕ್ಟಿನ ಚೌಕುಳಿ ಕೋಷ್ಟಕ ಅಳೆದದ್ದು ಮೊದಲ ದಿನದ ತಂಡವನ್ನು; ನಾಲ್ಕನೆಯ ವರ್ಷ ನೆಲೆಯ ಗೇಟಿಗೆ ಬಂದು ಗುರುತಿನ ಚೀಟಿ ತೋರಿಸುವವರು ಬೇರೆಯೇ ಆಗಿರುತ್ತಾರೆ.

ಒಳ್ಳೆಯ ಸಲಹೆಗಾರರ ಬೆಲೆ ತಿಳಿದದ್ದು 1996ರ ಆಗಸ್ಟಿನಲ್ಲಿ. ಸೇನಾ ನೆಲೆಯನ್ನು ಇಡಿಯಾಗಿ ಒಂದೇ ಮೂಲವೆಂದು ಎಣಿಸಬೇಕಾಗಿಲ್ಲ ಎಂದು ಇಪಿಎ ಆಗ ಒಂದು ಮಾರ್ಗದರ್ಶಿ ಪತ್ರ ಹೊರಡಿಸಿತು. ಒಂದೇ ಬೇಲಿಯೊಳಗೆ ಭೂಸೇನೆ, ನೌಕಾಪಡೆ ಇದ್ದರೆ ಎರಡೂ ಬೇರೆ ಬೇರೆ; ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಜಾಗದ ಚಟುವಟಿಕೆ ಬೇರೆ; ಆಸ್ಪತ್ರೆ, ಅಂಗಡಿ, ವಿಮಾನ ರಿಪೇರಿ ಬೇರೆ ಬೇರೆ ಉದ್ಯಮ ಗುಂಪುಗಳು. ಗೆರೆಗಳನ್ನು ಸರಿಯಾಗಿ ಎಳೆದವರು ತಮ್ಮ ನೆಲೆಯನ್ನು ದೊಡ್ಡ ಮೂಲದ ಪಟ್ಟಿಯಿಂದ ನ್ಯಾಯವಾಗಿಯೇ ಹೊರಗಿಟ್ಟರು. ಗಾಳಿಗೆ ಇದರಿಂದ ಒಂದು ಗ್ರಾಮಿನ ವ್ಯತ್ಯಾಸವೂ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಪಾಡು ಇನ್ನೊಂದು ಬಗೆಯದು: ಮೂರು ಕೌಂಟಿಗಳ ಮೇಲೆ ಹರಡಿಕೊಂಡಿರುವ ಅದಕ್ಕೆ ಮೂರು ವಾಯು ಜಿಲ್ಲೆಗಳ ನಿಯಮ. ರನ್‌ವೇಯ ಈ ತುದಿಯ ಜನರೇಟರನ್ನು ಆ ತುದಿಗೆ ಎಳೆದುಕೊಂಡು ಹೋಗುವ ಮುನ್ನ ಯಾರ ಗಡಿ ಎಂದು ನೋಡಬೇಕಾದ ಸ್ಥಿತಿ.

ಮೂಗಿಗಿಂತ ಮೂಗುತಿ ಭಾರವಾಗಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದು ಅದೇ ರಾಜ್ಯದ ಇನ್ನೊಂದು ನೆಲೆ, ರಾಕೆಟ್ ಉಡಾವಣೆಯ ವ್ಯಾಂಡನ್‌ಬರ್ಗ್. 1997ರ ನವೆಂಬರಿನಲ್ಲಿ ಅದು ಇಪಿಎ ಮತ್ತು ಸಾಂಟಾ ಬಾರ್ಬರಾ ಕೌಂಟಿಯ ವಾಯು ಜಿಲ್ಲೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಟೈಟಲ್ ಫೈವ್ ಪರ್ಮಿಟ್ಟಿನ ಕಾಗದಪತ್ರಕ್ಕೆ ಸುರಿಯಬೇಕಿದ್ದ ಹಣವನ್ನು ಬಾಯ್ಲರು, ಎಂಜಿನ್ನುಗಳ ಸುಧಾರಣೆಗೆ ಹಾಕುವುದು. ಬದಲಿಗೆ ಓಝೋನಿಗೆ ಕಾರಣವಾಗುವ ಅನಿಲಗಳಲ್ಲಿ ವರ್ಷಕ್ಕೆ 10 ಟನ್ ಇಳಿಸಿ ತೋರಿಸುವುದು. ಕಂಪನಿಗಳಿಗೆ ಇಲ್ಲೂ ಕೆಲಸವಿತ್ತು, ಆದರೆ ಬರ್ನರ್ ಬದಲಿಸಿ ಅಳೆದು ತೋರಿಸುವ ಕೆಲಸ. ಈ ದಾರಿ ಹೆದ್ದಾರಿಯಾಗಲಿಲ್ಲ. ಒಂದು ನೆಲೆಗೆ ಕೊಟ್ಟ ಸಡಿಲಿಕೆಯನ್ನು ಎಲ್ಲರಿಗೂ ಕೊಟ್ಟರೆ ಲೆಕ್ಕ ಕೇಳುವ ಹಕ್ಕೇ ಹೋದೀತು ಎಂಬ ಅಂಜಿಕೆ ನಿಯಂತ್ರಕರಿಗೆ ಇದ್ದೇ ಇರುತ್ತದೆ; ಅದನ್ನು ಬರೀ ಕೊಂಕು ಎನ್ನಲಾಗದು.

ನಿಯಮ ಮುರಿದರೆ ಸೇನೆಗೆ ದಂಡ ಹಾಕಬಹುದೇ ಎಂಬುದಂತೂ ಇಂದಿಗೂ ಊರಿಗೊಂದು ಉತ್ತರ. ಟೆನೆಸೀ ರಾಜ್ಯದ ಪ್ರಕರಣವೊಂದರಲ್ಲಿ 1999ರಲ್ಲಿ ಆರನೆಯ ಸರ್ಕ್ಯೂಟ್ ಕೋರ್ಟು ರಾಜ್ಯ ದಂಡ ಹಾಕಬಹುದು ಎಂದಿತು. ಜ್ಯಾಕ್ಸನ್‌ವಿಲ್ ನಗರ ನೌಕಾಪಡೆಯ ಮೇಲೆ ಹೂಡಿದ ದಾವೆಯಲ್ಲಿ 2003ರಲ್ಲಿ ಹನ್ನೊಂದನೆಯ ಸರ್ಕ್ಯೂಟು ಆಗದು ಎಂದಿತು. ಅದೇ ಕಾನೂನು, ಅದೇ ಸೆಕ್ಷನ್. ಇಪಿಎಯ ಅಸ್ತ್ರ ಇದಕ್ಕಿಂತ ಹರಿತ. ಅಲಾಸ್ಕಾದ ಫೋರ್ಟ್ ವೇನ್‌ರೈಟ್ ನೆಲೆಯ ಕಲ್ಲಿದ್ದಲ ಶಾಖ ಸ್ಥಾವರದ ವಿಷಯದಲ್ಲಿ ಅದು 1999ರಲ್ಲಿ ಸುಮಾರು 1.6 ಕೋಟಿ ಡಾಲರ್ ದಂಡ ಕೇಳಿತು. ನಿಯಮ ಪಾಲಿಸದೆ ಉಳಿಸಿದ ಹಣವನ್ನು ಲಾಭವೆಂದು ಎಣಿಸಿ ಖಾಸಗಿ ಕಂಪನಿಗೆ ಹಾಕಿದಂತೆ ಸೇನೆಗೂ ದಂಡ ಹಾಕಬಹುದೇ? ಸೇನೆಗೆ ಲಾಭ ಎಲ್ಲಿಯದು? 2003ರಲ್ಲಿ ಇಪಿಎಯ ಮೇಲ್ಮನವಿ ಮಂಡಳಿ ಹಾಗೆ ಎಣಿಸಬಹುದು ಎಂದೇ ತೀರ್ಮಾನಿಸಿತು. ಫಿಲ್ಟರಿನ ಹಣವನ್ನು ಮುಂದಿನ ಬಜೆಟ್ಟಿಗೆ ತಳ್ಳುವ ಚಾಳಿಗೆ ಬೆಲೆ ಕಟ್ಟಿದ ತೀರ್ಪು ಅದು.

ವಿಮಾನಗಳು ಲೆಕ್ಕದೊಳಗೆ ಬರುವ ಬಾಗಿಲು ಒಂದುಂಟು. 1993ರ ‘ಜನರಲ್ ಕನ್ಫರ್ಮಿಟಿ’ ನಿಯಮದ ಪ್ರಕಾರ, ಗಾಳಿ ಕೆಟ್ಟಿರುವ ಪ್ರದೇಶದಲ್ಲಿ ಫೆಡರಲ್ ಸರ್ಕಾರ ಹೊಸದೇನನ್ನಾದರೂ ಮಾಡುವ ಮುನ್ನ ಅದು ರಾಜ್ಯದ ವಾಯು ಯೋಜನೆಗೆ ಅಡ್ಡಿಯಲ್ಲ ಎಂದು ತೋರಿಸಬೇಕು. ಇಲ್ಲಿ ವಿಮಾನದ ಹಾರಾಟವೂ, ಸೈನಿಕರು ಮನೆಯಿಂದ ಕೆಲಸಕ್ಕೆ ಓಡಿಸುವ ಕಾರೂ ಸೇರುತ್ತದೆ. ತೊಂಬತ್ತರ ದಶಕದಲ್ಲಿ ಸಾಲುಸಾಲು ನೆಲೆಗಳನ್ನು ಮುಚ್ಚಿ ಪಡೆಗಳನ್ನು ಬೇರೆಡೆ ಸೇರಿಸಿದಾಗ, ಆಮೇಲೆ ಎಫ್-35 ವಿಮಾನಗಳಿಗೆ ಮನೆ ಹುಡುಕಿದಾಗ ಈ ಲೆಕ್ಕ ಸಲಹಾ ಕಂಪನಿಗಳಿಗೆ ಒಳ್ಳೆಯ ಕೆಲಸ ಒದಗಿಸಿತು. ವಾಯುಪಡೆ ಈ ಲೆಕ್ಕಕ್ಕಾಗಿ ಎಕ್ಯಾಮ್ ಎಂಬ ಸಾಫ್ಟ್‌ವೇರನ್ನೂ, ವಾರ್ಷಿಕ ಹೊಗೆಪಟ್ಟಿಗೆ ಎಪಿಮ್ಸ್ ಎಂಬ ದತ್ತಾಂಶ ವ್ಯವಸ್ಥೆಯನ್ನೂ ಬಳಕೆಗೆ ತಂದಿತು. ಕಂಪನಿ ಬದಲಾದರೂ ಸಂಖ್ಯೆಗಳು ನೆಲೆಯಲ್ಲೇ ಉಳಿಯಬೇಕು ಎಂಬ ಮಟ್ಟಿಗೆ ಇದು ಸರಿಯಾದ ಹೆಜ್ಜೆ.

ಸಂಖ್ಯೆ ಉಳಿಯಿತು, ಕಾರಣ ಉಳಿಯಿತೇ? ಎರಡು ಸಾವಿರದ ನಂತರದ ಕಥೆ ಕಂಪನಿಗಳು ಒಂದನ್ನೊಂದು ನುಂಗಿದ್ದು. ಯುಆರ್‌ಎಸ್ 2014ರಲ್ಲಿ ಎಇಕಾಮ್‌ನ ಪಾಲಾಯಿತು, ಸಿಎಚ್‌2ಎಂ 2017ರಲ್ಲಿ ಜೇಕಬ್ಸ್‌ನ ಪಾಲಾಯಿತು. ಇನ್ನೊಂದೆಡೆ ಸಣ್ಣ ಉದ್ದಿಮೆಗಳಿಗೆ, ಅಂಗವಿಕಲ ಮಾಜಿ ಸೈನಿಕರ ಕಂಪನಿಗಳಿಗೆ, ಅಲಾಸ್ಕಾದ ಮೂಲನಿವಾಸಿ ನಿಗಮಗಳಿಗೆ ಮೀಸಲಿಟ್ಟ ಗುತ್ತಿಗೆಗಳು ಬೆಳೆದವು. ಪರ್ಮಿಟ್ಟಿನ ದಿನನಿತ್ಯದ ಕೆಲಸ ಎಷ್ಟೋ ಕಡೆ ಅವರ ಕೈಗೆ ಬಂತು. ಸಣ್ಣವರಿಂದ ಕೆಲಸ ಕೆಟ್ಟಿತು ಎಂಬ ದೊಡ್ಡವರ ದೂರಿನಲ್ಲಿ ನನಗೆ ಹುರುಳು ಕಾಣುವುದಿಲ್ಲ. ಕೆಟ್ಟದ್ದು ಬೇರೆ ಕಾರಣಕ್ಕೆ. ಬಜೆಟ್ ಬಿಗಿಯಾದಾಗ ರಕ್ಷಣಾ ಇಲಾಖೆ ‘ತಾಂತ್ರಿಕವಾಗಿ ಸಾಕು ಎನಿಸಿದವರಲ್ಲಿ ಕನಿಷ್ಠ ದರ’ ಎಂಬ ಪದ್ಧತಿಗೆ ಬಿತ್ತು. ಬ್ರೂಕ್ಸ್ ಆಕ್ಟಿನ ನಾಡಿಗೆ ಎಲ್-1 ಹಿತ್ತಿಲ ಬಾಗಿಲಿಂದ ಬಂದಂತಾಯಿತು. 2017ರ ಆರ್ಥಿಕ ವರ್ಷದ ರಕ್ಷಣಾ ಅಧಿಕಾರ ಕಾಯ್ದೆಯಲ್ಲಿ ಕಾಂಗ್ರೆಸ್ಸೇ ಇದಕ್ಕೆ ಲಗಾಮು ಹಾಕಬೇಕಾಯಿತು. ಅಗ್ಗದ ಗುತ್ತಿಗೆ ಕೈ ಬದಲಾದಾಗಲೆಲ್ಲ ಹೊಸಬರು ಹಳೆಯ ಪಟ್ಟಿಯ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳುತ್ತಾರೆ. ಆ ಬಾಯ್ಲರಿಗೆ ಆ ಗುಣಾಂಕ ಯಾಕೆ ಹಿಡಿದರು ಎಂದು ಕೇಳಿದರೆ ಹೇಳುವವರು ಇರುವುದಿಲ್ಲ.

ಯಾರನ್ನು, ಯಾವ ತಂತ್ರಜ್ಞಾನಕ್ಕಾಗಿ ಹಿಡಿಯಬೇಕು ಎಂಬುದನ್ನು ಊರವರು ಕೂತು ಬದಲಿಸಿದ ಪ್ರಸಂಗ ಲೂಸಿಯಾನಾದ ಕ್ಯಾಂಪ್ ಮಿಂಡನ್‌ನದು. ಹಳೆಯ ಮದ್ದುಗುಂಡು ಕಾರ್ಖಾನೆಯ ಆ ಜಾಗದಲ್ಲಿ, ಸೇನೆಯ ಹಳೆಯ ಎಂ6 ಸಿಡಿಮದ್ದನ್ನು ವಿಲೇವಾರಿ ಮಾಡಲು ಗುತ್ತಿಗೆ ಹಿಡಿದಿದ್ದ ಕಂಪನಿಯ ಉಗ್ರಾಣವೊಂದು 2012ರ ಅಕ್ಟೋಬರಿನಲ್ಲಿ ಸ್ಫೋಟಿಸಿತು. ತಪಾಸಣೆಗೆ ಹೋದವರಿಗೆ ಸುಮಾರು 1.5 ಕೋಟಿ ಪೌಂಡ್ ಸಿಡಿಮದ್ದು ಬೇಕಾಬಿಟ್ಟಿ ರಾಶಿ ಬಿದ್ದದ್ದು ಸಿಕ್ಕಿತು. ಪಕ್ಕದ ಡಾಯ್ಲಿನ್ ಊರನ್ನು ಕೆಲವು ದಿನ ಖಾಲಿ ಮಾಡಿಸಬೇಕಾಯಿತು. ಕಂಪನಿ ದಿವಾಳಿಯಾಯಿತು. 2014ರಲ್ಲಿ ಸರ್ಕಾರಗಳು ಒಪ್ಪಿಕೊಂಡ ಪರಿಹಾರ, ಎಲ್ಲವನ್ನೂ ಬಯಲಲ್ಲಿ ತಟ್ಟೆಗಳ ಮೇಲೆ ಹರಡಿ ಸುಡುವುದು. ಜನ ಎದ್ದು ನಿಂತರು. ನಿವಾಸಿಗಳು, ವಿಜ್ಞಾನಿಗಳು, ಅಧಿಕಾರಿಗಳು ಸೇರಿದ ಸಂವಾದ ಸಮಿತಿ ಪರ್ಯಾಯಗಳನ್ನು ಒಂದೊಂದಾಗಿ ಪರಿಶೀಲಿಸಿತು. ಕೊನೆಗೆ ಮುಚ್ಚಿದ ಕೋಣೆಯಲ್ಲಿ ಸುಟ್ಟು ಹೊಗೆಯನ್ನು ಶುದ್ಧೀಕರಿಸುವ ವ್ಯವಸ್ಥೆ ಬಂತು. 2016ರಲ್ಲಿ ಶುರುವಾದ ಸುಡುವಿಕೆ ಮರುವರ್ಷ ಮುಗಿಯಿತು. ಎಸ್‌ಎಫ್ 330 ತೂಗುವ ಮಂಡಳಿಯಲ್ಲಿ ಆ ಗಾಳಿ ಉಸಿರಾಡುವವರಿಗೆ ಕುರ್ಚಿಯಿಲ್ಲ ಎಂಬುದು ನೆನಪಾಗುವುದು ಇಂಥಲ್ಲಿ. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆ ರಕ್ಷಣಾ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದಲೇ ವಿನಾಯಿತಿ ಕೊಟ್ಟಿದೆ.

ಇಷ್ಟೆಲ್ಲ ಕಾಗದವನ್ನು ಗೇಲಿ ಮಾಡುವುದು ಸುಲಭ. ಕಾಗದವೇ ಇಲ್ಲದ ಕಡೆ ಏನಾಯಿತು ಎಂಬುದಕ್ಕೆ ಇರಾಕಿನ ಬಲದ್ ನೆಲೆ ಇದೆ. ಕ್ಲೀನ್ ಏರ್ ಆಕ್ಟ್ ಅಮೆರಿಕದ ಗಡಿಯಾಚೆ ನಡೆಯುವುದಿಲ್ಲ. ವಿದೇಶದ ಕಾಯಂ ನೆಲೆಗಳಿಗೆ ರಕ್ಷಣಾ ಇಲಾಖೆಯದೇ ಪರಿಸರ ಮಾರ್ಗದರ್ಶಿ ಇದೆ. ಯುದ್ಧಭೂಮಿಯ ಬಿಡಾರಕ್ಕೆ ಅದೂ ಅನ್ವಯಿಸದು. ಬಲದ್‌ನಲ್ಲಿ ಪ್ಲಾಸ್ಟಿಕ್, ಬಣ್ಣ, ಆಸ್ಪತ್ರೆಯ ಕಸ ಎಲ್ಲವನ್ನೂ ತೆರೆದ ಗುಂಡಿಯಲ್ಲಿ ವರ್ಷಗಟ್ಟಲೆ ಸುಟ್ಟರು. ಅಲ್ಲಿಗೆ ಹೊಗೆಪಟ್ಟಿ ಬರೆಯುವ ಗುತ್ತಿಗೆ ಯಾರಿಗೂ ಹೋಗಿರಲಿಲ್ಲ. ಸೇನೆಯ ಆರೋಗ್ಯ ಕೇಂದ್ರ ತೆಗೆದ ಕೆಲವು ಗಾಳಿ ಮಾದರಿಗಳಷ್ಟೇ ಇದ್ದವು. 2011ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅವನ್ನು ಕೂಡಿಸಿ ನೋಡಿ, ದೀರ್ಘಕಾಲದ ಪರಿಣಾಮದ ಬಗ್ಗೆ ತೀರ್ಮಾನಕ್ಕೆ ಬರಲು ಇಷ್ಟು ಸಾಲದು ಎಂದಿತು. ಗುಂಡಿಗಳನ್ನು ನಡೆಸಿದ ಗುತ್ತಿಗೆ ಕಂಪನಿಯ ಮೇಲೆ ಸೈನಿಕರು ಹೂಡಿದ ದಾವೆಗಳು, ಆ ನಿರ್ಧಾರಗಳೆಲ್ಲ ಸೇನೆಯವೇ ಎಂಬ ಕಾರಣಕ್ಕೆ ಬಿದ್ದುಹೋದವು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. 2022ರ ಆಗಸ್ಟಿನಲ್ಲಿ ಮಾಜಿ ಸೈನಿಕರ ಪರಿಹಾರಕ್ಕೆಂದು ಬಂದ ಪ್ಯಾಕ್ಟ್ ಆಕ್ಟ್ ಲೆಕ್ಕವನ್ನೇ ಕೇಳುವುದಿಲ್ಲ. ನಿಗದಿತ ಅವಧಿಯಲ್ಲಿ ನಿಗದಿತ ದೇಶದಲ್ಲಿ ಸೇವೆ ಸಲ್ಲಿಸಿದ್ದರೆ ಸಾಕು, ಆ ಸೈನಿಕ ಹೊಗೆ ಕುಡಿದಿದ್ದಾನೆ ಎಂದೇ ಕಾನೂನು ಹಿಡಿಯುತ್ತದೆ. ಪಟ್ಟಿ ಮಾಡಿದ ಕಾಯಿಲೆಗಳಲ್ಲಿ ಯಾವುದಾದರೂ ಬಂದರೆ ಎಷ್ಟು ಕುಡಿದ ಎಂದು ಅವನು ರುಜುವಾತು ಮಾಡಬೇಕಿಲ್ಲ.